ಮಾಳಗಿ ಮೇಲೊಂದು ತಂತಿ

ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಹ್ಯಾಮ್ ರೇಡಿಯೊ ನಿಲ್ದಾಣ ಹೂಡುವ ಆಸೆಯಿದ್ದವರು ಸೆಟ್ಟಿನ ಬೆಲೆ ಕೇಳುವ ಮೊದಲು ಮಾಳಗಿ ಹತ್ತಬೇಕು. ಅರ್ಧ ನಿಲ್ದಾಣ ಅಲ್ಲಿಂದಲೇ ಕಾಣುತ್ತದೆ. ಸುತ್ತ ಭೀಮಾ ಸೀಮೆಯ ಕರಿ ಎರೆ ಹೊಲ, ತೊಗರಿ, ಕಬ್ಬು. ಹಿತ್ತಲಲ್ಲಿ ಕಣಕಿ ಬಣವಿ, ಅದರಾಚೆ ಎತ್ತರದ ಬೇವಿನ ಗಿಡ. ಮಾಳಗಿಯ ಬಿದಿರ ಗಳದಿಂದ ಆ ಬೇವಿಗೆ 20 ಮೀಟರ್ ತಾಮ್ರದ ತಂತಿ ಎಳೆದು, ನಟ್ಟನಡುವೆ ಕತ್ತರಿಸಿ, ಅಲ್ಲಿಂದ ಕೋಆಕ್ಸ್ ಕೇಬಲ್ ಕಿಟಕಿಯೊಳಗೆ ಇಳಿಸಿದರೆ 40 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ ಸಿದ್ಧ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಷ್ಟು ತಂತಿ ಕಟ್ಟಲು ಎಷ್ಟು ಜನರ ಕೈಕಾಲು ಹಿಡಿಯಬೇಕೋ!

ಏಳೆಂಟು ಮೀಟರ್ ಎತ್ತರ ಸಾಕು. ಅಷ್ಟು ತಗ್ಗಿನಲ್ಲಿರುವ ತಂತಿ ತನ್ನ ಅಲೆಗಳನ್ನು ಹೆಚ್ಚಾಗಿ ನೆತ್ತಿಯ ಕಡೆಗೇ ಚಿಮ್ಮಿಸುತ್ತದೆ. ಅಯಾನುಗೋಳಕ್ಕೆ ತಾಗಿ ಮರಳುವ ಅವು ಸೊಲ್ಲಾಪುರ, ಹೈದರಾಬಾದ್, ಪುಣೆಗಳ ಮೇಲೆ ಸುರಿಯುತ್ತವೆ. ದಿನ ಚೆನ್ನಾಗಿದ್ದರೆ ಬೆಂಗಳೂರಿಗೂ ಮುಟ್ಟುತ್ತವೆ. ಅಂಗೈಯಗಲದ ವಿಎಚ್‌ಎಫ್ ಹ್ಯಾಂಡಿ ಅಗ್ಗವೆಂದು ಅದನ್ನೇ ಮೊದಲು ಕೊಳ್ಳುವವರಿದ್ದಾರೆ. ದನಿಯನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಹತ್ತಿರವಿಲ್ಲದ ಕಡೆ ಅದು ಹೊಲದಿಂದ ಮನೆಗೆ ಬುತ್ತಿ ತರಲು ಹೇಳುವುದಕ್ಕಷ್ಟೇ ಸೈ.

ಇನ್ನು ಅರ್ಥಿಂಗ್. ಮಳೆಗಾಲದ ಎರೆ ಮಣ್ಣು ಹಸಿ ಹಿಡಿದು ನೆಲದಲ್ಲಿ ಹೂತ ರಾಡನ್ನು ಬಿಗಿಯಾಗಿ ಅಪ್ಪುತ್ತದೆ, ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುತ್ತದೆ. ಬ್ಯಾಸಗಿಯಲ್ಲಿ ಅದೇ ನೆಲ ಬಿರಿದು ರಾಡಿನ ಸುತ್ತ ಸಂದು ಬಿಡುತ್ತದೆ. ಆಗ ಬುಡಕ್ಕೆ ಕೊಡಗಟ್ಟಲೆ ನೀರು ಸುರಿಯಬೇಕು. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತು ಹೊರಗಿಡಬೇಕು.

ಒಳಗಿನ ಮೇಜಿನ ಮೇಲೆ ಟ್ರಾನ್ಸೀವರ್, ಎಸ್‌ಡಬ್ಲ್ಯುಆರ್ ಮೀಟರ್, ಮೋರ್ಸ್ ಕೀ, ಲಾಗ್ ಪುಸ್ತಕ. 100 ವ್ಯಾಟಿನ ಸೆಟ್ಟು ಮಾತಾಡುವಾಗ 13.8 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್ ನುಂಗುತ್ತದೆ. ದುಡ್ಡು ಕಡಿಮೆಯಿದ್ದರೆ ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಇದೆ. ಅದರ ಮೊದಲ ವಿನ್ಯಾಸದಲ್ಲಿ ಕಾಯಿಲ್ ಸುತ್ತಿದ್ದು ನಲ್ಲಿಯ ವಾಶರಿನ ಮೇಲೆ! ಐದಾರು ವ್ಯಾಟ್ ಹೊಮ್ಮಿಸುವ ಆ ಸೆಟ್ಟಿಗೆ ಟ್ರ್ಯಾಕ್ಟರಿನ ಬ್ಯಾಟರಿಯೇ ಧಾರಾಳ. ತಂತಿಯಿಂದ ಶಕ್ತಿ ಎಷ್ಟು ಹಿಂತಿರುಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು 1.5ಕ್ಕಿಂತ ಕೆಳಗಿಳಿಯುವವರೆಗೆ ತಂತಿಯ ಎರಡೂ ತುದಿಯನ್ನು ಚೂರುಚೂರೇ ಕತ್ತರಿಸುತ್ತ ಹೋಗುವುದು ಸಹನೆಯ ಕೆಲಸ. ಹೆಚ್ಚು ಕತ್ತರಿಸಿದರೆ ಮತ್ತೆ ಗಂಟು ಹಾಕುವ ಪಾಡು.

ಕಿವಿಗೆ ಹೆಡ್‌ಫೋನ್ ಏರಿಸಿದರೆ ಮೊದಲು ಕೇಳುವುದು ಊರಿನ ಕರೆಂಟು. ಪಂಪ್‌ಸೆಟ್ ಸ್ಟಾರ್ಟರಿನ ಚಟಚಟ, ಅಗ್ಗದ ಎಲ್‌ಇಡಿ ಬಲ್ಬುಗಳ ಗುಂಯ್. ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಇಡೀ ಓಣಿ ಬೈಯುತ್ತದೆ, ಬ್ಯಾಟರಿ ಮುಂದೆ ಕೂತವನು ಮಾತ್ರ ಹಿಗ್ಗುತ್ತಾನೆ: ಗದ್ದಲದ ತಳದಲ್ಲಿ ಹುದುಗಿದ್ದ ಬಡ ದನಿಗಳು ಆಗ ಮೇಲೇಳುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಈ ಸೀಮೆಯ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಬ್ಯಾಟರಿಯ ಬೆಲೆ ಬೇರೆ ಹೇಳಬೇಕಿಲ್ಲ.

ಹೊತ್ತು ಮುಳುಗಿದ ಮೇಲೆ ಅಲೆಗಳನ್ನು ಹೀರುವ, ಅಯಾನುಗೋಳದ ಡಿ ಪದರ ಕರಗುತ್ತದೆ. ಹಗಲೆಲ್ಲ ಪುಣೆ, ಹೈದರಾಬಾದ್ ಎನ್ನುತ್ತಿದ್ದ ಬ್ಯಾಂಡಿನಲ್ಲಿ ಕಡಲಾಚೆಯ ದನಿಗಳು ತೇಲಿ ಬರುತ್ತವೆ. 7.200 ಮೆಗಾಹರ್ಟ್ಸ್ ದಾಟಿದರೆ ವಿದೇಶಿ ಪ್ರಸಾರ ಕೇಂದ್ರಗಳ ಅಬ್ಬರ. ರಾತ್ರಿ 9ರ ಮಾತುಕತೆ ಲಾಗ್ ಪುಸ್ತಕದಲ್ಲಿ ಜಾಗತಿಕ ಸಮಯವಾದ ಯುಟಿಸಿ ಲೆಕ್ಕಕ್ಕೆ 15:30.

ಬರೀ ಕೇಳಲು ರಿಸೀವರ್ ಸಾಕು. ಟ್ರಾನ್ಸೀವರ್ ಇಟ್ಟುಕೊಂಡು ಮಾತಾಡಲು ಪರೀಕ್ಷೆ ಪಾಸಾಗಿ, ಕೇಂದ್ರ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪಡೆದು, ‘ವಿಯು’ ಎಂದು ಶುರುವಾಗುವ ಕಾಲ್‌ಸೈನ್ ದಕ್ಕಿಸಿಕೊಳ್ಳಬೇಕು. ಆಮೇಲೆ ಪುಣೆಯವರು ಊರು ಯಾವುದೆಂದರೆ ದತ್ತಕ್ಷೇತ್ರ ಗಾಣಗಾಪುರದ ತಾಲ್ಲೂಕೇ ಎನ್ನಬಹುದು, ಹವಾಮಾನ ಹೇಳಬಹುದು, ತಂತಿಯ ಉದ್ದ ಚರ್ಚಿಸಬಹುದು. ವ್ಯಾಪಾರದ ಮಾತಿಗೆ ಮಾತ್ರ ನಿಷೇಧ. ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿ ಕ್ವಿಂಟಾಲಿಗೆ ಎಷ್ಟಾಯಿತೆಂದು ತಿಳಿಯಬೇಕಾದರೆ ಕಿಸೆಯ ಮೊಬೈಲನ್ನೇ ತೆಗೆಯಬೇಕು.