ಗಬ್ಬದ ಹಸುವೂ ಅಡ್ರಿನಲ್ ಗ್ರಂಥಿಯೂ

ಹಾಲು ಕರೆಯುವ ಹೊತ್ತಿಗೆ ನಾಯಿಯೊಂದು ಕೊಟ್ಟಿಗೆಗೆ ನುಗ್ಗಿದರೆ ಹಸು ಬೆದರಿ ಹಾಲನ್ನು ಎಳೆದುಕೊಳ್ಳುತ್ತದೆ. ದಿನ ತುಂಬಿದೊಡನೆ ಕರು ತಾನಾಗಿ ಹೊರಬರಲು ಹವಣಿಸುತ್ತದೆ. ಈ ಎರಡಕ್ಕೂ ಒಂದೇ ಗ್ರಂಥಿಯ ಸಂಬಂಧವಿದೆ. ಅದೇ ಅಡ್ರಿನಲ್ ಗ್ರಂಥಿ. ಎರಡು ಮೂತ್ರಪಿಂಡಗಳ ಮುಂಬದಿಯಲ್ಲಿ, ಕೊಬ್ಬಿನೊಳಗೆ ಹುದುಗಿ, ಒಂದೊಂದಿರುತ್ತದೆ. ತಾನು ತಯಾರಿಸಿದ ರಸವನ್ನು, ಎಂದರೆ ಹಾರ್ಮೋನನ್ನು, ನೇರವಾಗಿ ರಕ್ತಕ್ಕೆ ಬಿಡುತ್ತದೆ. ಇದರ ರಚನೆಯನ್ನು ತಿಳಿದುಕೊಂಡರೆ ಗಬ್ಬದ ಹಸುವಿಗೆ ಬರಬಹುದಾದ ಒಂದು ಅಪಾಯವನ್ನು ನಾವು ತಪ್ಪಿಸಬಹುದು.

ಗ್ರಂಥಿಯನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ತೊಗಟೆ, ಒಳಗೆ ತಿರುಳು ಎಂಬ ಎರಡು ಭಾಗಗಳು ಬರಿಗಣ್ಣಿಗೇ ಕಾಣುತ್ತವೆ. ತೆಳುವಾದ ಸೀಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೊಗಟೆಯಲ್ಲಿಯೇ ಮೂರು ಪದರಗಳಿವೆ. ಹೊರಪದರದ ಜೀವಕೋಶಗಳು ಗುಂಪುಗುಂಪಾಗಿ ನಿಂತಿರುತ್ತವೆ. ಮೂತ್ರದಲ್ಲಿ ಉಪ್ಪು ಪೋಲಾಗದಂತೆ ಕಾಯುವ ಆಲ್ಡೋಸ್ಟಿರೋನ್ ಇಲ್ಲಿ ಹುಟ್ಟುತ್ತದೆ. ನಡುವಣ ಪದರ ಎಲ್ಲಕ್ಕಿಂತ ದಪ್ಪ. ಇದರ ಕೋಶಗಳು ನಾಟಿಯ ಸಾಲಿನಂತೆ ನೇರವಾಗಿದ್ದು, ಒಳಗೆ ಕೊಬ್ಬಿನ ಹನಿಗಳಿರುವುದರಿಂದ ನೊರೆಯಂತೆ ಕಾಣುತ್ತವೆ. ಆ ಕೊಬ್ಬಿನಿಂದಲೇ ಕಾರ್ಟಿಸಾಲ್ ತಯಾರಾಗುತ್ತದೆ. ಹಸಿವು, ರೋಗ, ಪೆಟ್ಟುಗಳ ಕಾಲದಲ್ಲಿ ರಕ್ತದ ಸಕ್ಕರೆಯನ್ನು ಕಾಯುವುದೂ ಬಾವನ್ನು ಹತೋಟಿಯಲ್ಲಿಡುವುದೂ ಅದರ ಕೆಲಸ. ಒಳಪದರದ ಕೋಶಗಳು ಬಲೆಯಂತೆ ಹೆಣೆದುಕೊಂಡಿವೆ.

ತಿರುಳಿನ ಜಾತಿಯೇ ಬೇರೆ. ಅದು ನರಗಳ ಮೂಲದ್ದು. ಕ್ರೋಮಿಯಂ ಲವಣ ಸೋಕಿದರೆ ಅದರ ಕೋಶಗಳು ಕಂದಾಗುತ್ತವೆ. ಅಡ್ರಿನಲಿನ್ ಹುಟ್ಟುವುದು ಇಲ್ಲಿ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವಂತೆ ತೊಗಟೆಯ ರಕ್ತ ತಿರುಳಿಗೆ ಹರಿಯುತ್ತದೆ. ಅದರೊಡನೆ ಬರುವ ಕಾರ್ಟಿಸಾಲ್ ಅಡ್ರಿನಲಿನ್ ತಯಾರಿಕೆಗೆ ನೆರವಾಗುತ್ತದೆ.

ಹಸು ಬೆದರಿದಾಗ ನರಗಳ ಅಪ್ಪಣೆಯಂತೆ ತಿರುಳು ಕ್ಷಣದಲ್ಲಿ ಅಡ್ರಿನಲಿನ್ ಸುರಿಯುತ್ತದೆ. ಎದೆಬಡಿತ ಏರುತ್ತದೆ. ಹಾಲಿಳಿಸುವ ಹಾರ್ಮೋನು ಮಿದುಳಿನಿಂದ ಹೊರಡುವುದು ಕುಂದುತ್ತದೆ. ಹೊರಟದ್ದಕ್ಕೂ ಕೆಚ್ಚಲಿನಲ್ಲಿ ಅಡ್ಡಿಯಾಗುತ್ತದೆ. ಆದುದರಿಂದ ಕರೆಯುವಾಗ ಗದರುವುದೂ ಹೊಡೆಯುವುದೂ ನಮಗೇ ನಷ್ಟ.

ಇನ್ನು ಕರುವಿನ ವಿಷಯ. ಹೆರಿಗೆಯ ದಿನವನ್ನು ಗೊತ್ತುಮಾಡುವುದರಲ್ಲಿ ಹೊಟ್ಟೆಯೊಳಗಿನ ಮರಿಯದೇ ಮುಖ್ಯ ಪಾತ್ರವೆಂದು 1960ರ ದಶಕದಲ್ಲಿ ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ ಕುರಿಗಳಲ್ಲಿ ತೋರಿಸಿದರು. ಹಸುವಿನಲ್ಲಿಯೂ ಹೀಗೆಯೇ. ಸುಮಾರು 280 ದಿನ ತುಂಬುತ್ತ ಬಂದಂತೆ ಕರುವಿನ ಅಡ್ರಿನಲ್ ತೊಗಟೆ ಕಾರ್ಟಿಸಾಲನ್ನು ಹೆಚ್ಚು ಹೆಚ್ಚಾಗಿ ಬಿಡುತ್ತದೆ. ಗರ್ಭವನ್ನು ಹಿಡಿದಿಟ್ಟಿದ್ದ ಹಾರ್ಮೋನು ಆಗ ಇಳಿದು, ಹೆರಿಗೆ ಆರಂಭವಾಗುತ್ತದೆ.

ಅಪಾಯವಿರುವುದು ಇಲ್ಲಿಯೇ. ಬಾವು, ಕೀಲುನೋವುಗಳಿಗೆ ಹಾಕುವ ಡೆಕ್ಸಾಮೆಥಾಸೋನ್ ಎಂಬ ಸೂಜಿಮದ್ದು ಕಾರ್ಟಿಸಾಲಿನ ಜಾತಿಯದೇ. ಬಲದಲ್ಲಿ ಅದಕ್ಕಿಂತ ಎಷ್ಟೋ ಮಿಗಿಲು. ಹಸು ಬೇಗ ಚೇತರಿಸಿದಂತೆ ಕಾಣುವುದರಿಂದ ಅರೆಬರೆ ತಿಳಿದವರೂ ಇದನ್ನು ಚುಚ್ಚುವುದುಂಟು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಾಕಿದರೆ ಹಸುವಿನ ಮೈ ಅದನ್ನು ಕರುವಿನ ಸೂಚನೆಯೆಂದೇ ತಿಳಿಯುತ್ತದೆ. ಕಂದು ಹಾಕಬಹುದು, ದಿನ ತುಂಬದ ಕರು ಬೀಳಬಹುದು, ಮಾಸು ಬೀಳದೆ ನಿಲ್ಲಬಹುದು.

ಆದಕಾರಣ ಹೋರಿ ಕೊಡಿಸಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡೋಣ. ಪಶುವೈದ್ಯರು ಬಂದೊಡನೆ ಗಬ್ಬಕ್ಕೆ ಎಷ್ಟು ತಿಂಗಳಾಯಿತೆಂದು ಮೊದಲು ಹೇಳೋಣ. ಮದ್ದಿನ ಚೀಟಿ ಓದಲು ಬಾರದಿದ್ದರೆ ಅದರ ಹೆಸರನ್ನು ಬಾಯಿಬಿಟ್ಟು ಕೇಳೋಣ. ಕೇಳುವುದರಲ್ಲಿ ಸಂಕೋಚಪಟ್ಟರೆ ಕಳೆದುಕೊಳ್ಳುವುದು ಒಂದು ಕರುವನ್ನು.