ಬಂದೂಕಿಗೆ ಬಗ್ಗದ ಹಂದಿ

ಟೆಕ್ಸಾಸಿನ ರೈತ ಮುಸುಕಿನ ಜೋಳ ಬಿತ್ತಿ ಮನೆ ಸೇರಿದ ರಾತ್ರಿಯೇ ಹಂದಿಗಳ ಹಿಂಡು ಹೊಲಕ್ಕಿಳಿಯುತ್ತದೆ. ಕೂರಿಗೆ ಹಾದುಹೋದ ಸಾಲಿನ ಒಂದು ತುದಿಯಿಂದ ಮೂಸುತ್ತ ಹೊರಟು, ಮಣ್ಣಿನಡಿಯ ಕಾಳನ್ನು ಹೆಕ್ಕಿ ತಿನ್ನುತ್ತ ಇನ್ನೊಂದು ತುದಿ ಮುಟ್ಟಿ, ಪಕ್ಕದ ಸಾಲಿಗೆ ಹೊರಳುತ್ತದೆ. ಬೆಳಗಾಗುವಷ್ಟರಲ್ಲಿ ಬಿತ್ತನೆಯೆಲ್ಲ ವ್ಯರ್ಥ. ಹಂದಿಯ ಮೂತಿಯ ತುದಿಯಲ್ಲಿರುವ ದುಂಡು ತಟ್ಟೆ ಬರಿಯ ಮಾಂಸದ ಮುದ್ದೆಯಲ್ಲ. ಅದು ಗಟ್ಟಿ ಮೃದ್ವಸ್ಥಿ. ಒಳಗೆ ಆಸರೆಗೆ ಒಂದು ಪುಟ್ಟ ಮೂಳೆ, ಹಿಂದೆ ಇಡೀ ಕತ್ತಿನ ಬಲ. ನೆಲ ಬಗೆಯುವ ನೇಗಿಲೂ ಅದೇ, ನೆಲದಡಿ ಏನಿದೆಯೆಂದು ಕಂಡುಹಿಡಿಯುವ ಮೂಗೂ ಅದೇ. ಇಂಥ ಹಂದಿಗಳು ಅಮೆರಿಕದ ಕನಿಷ್ಠ 35 ರಾಜ್ಯಗಳಲ್ಲಿ 60 ಲಕ್ಷಕ್ಕೂ ಹೆಚ್ಚಿವೆ ಎಂದು ಅಲ್ಲಿನ ಕೃಷಿ ಇಲಾಖೆ ಅಂದಾಜು ಮಾಡಿದೆ. ಅತಿ ಹೆಚ್ಚು ಇರುವುದು ಟೆಕ್ಸಾಸಿನಲ್ಲಿ. ಆ ರಾಜ್ಯದ ಶೇ 95ರಷ್ಟು ನೆಲ ಖಾಸಗಿಯವರ ಕೈಯಲ್ಲಿರುವುದರಿಂದ ಹಂದಿಯ ಹೊಣೆಯನ್ನೂ ಸರ್ಕಾರ ಹೆಚ್ಚುಕಡಿಮೆ ಜಮೀನಿನ ಒಡೆಯರಿಗೆ, ಅವರು ಕರೆಸುವ ಬೇಟೆಗಾರರಿಗೆ ಬಿಟ್ಟಿದೆ. ವರ್ಷದ ಯಾವ ದಿನವಾದರೂ, ಹಗಲಾಗಲಿ ರಾತ್ರಿಯಾಗಲಿ, ಎಷ್ಟನ್ನಾದರೂ ಹೊಡೆಯಬಹುದು. ಹೆಲಿಕಾಪ್ಟರಿನಲ್ಲಿ ಕೂತು ಹಂದಿ ಹೊಡೆಯುವ ಅವಕಾಶವನ್ನು ಹಣಕ್ಕೆ ಮಾರಲು 2011ರ ಕಾನೂನು ದಾರಿ ಮಾಡಿತು. 2019ರಿಂದ ಒಡೆಯನ ಒಪ್ಪಿಗೆಯಿದ್ದರೆ ಖಾಸಗಿ ಜಮೀನಿನಲ್ಲಿ ಹಂದಿ ಬೇಟೆಗೆ ಪರವಾನಗಿಯೂ ಬೇಡ. ಇಷ್ಟು ಸಡಿಲು ಬಿಟ್ಟ ಮೇಲೂ ಹಂದಿಯ ಕಾಟ ತೀರಿಲ್ಲ. ಗುರಿ ಹಿಡಿಯುವವರು ಸಾಲದೆ ಹೀಗಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಮೋಜಿನ ಬೇಟೆ ಹಂದಿಯ ಸಂಖ್ಯೆಯನ್ನು ಇಳಿಸಲಾರದು, ಕೆಲವೆಡೆ ಏರಿಸಿಯೂ ಬಿಡುತ್ತದೆ. ಅದಕ್ಕೆ ಕಾರಣ ಸ್ವಲ್ಪ ಹಂದಿಯ ಮೈಯಲ್ಲಿದೆ, ಸ್ವಲ್ಪ ಮನುಷ್ಯರ ವ್ಯಾಪಾರದಲ್ಲಿದೆ.

ಮೊದಲು ಹಂದಿಯ ಮೈ. ಉತ್ತರ ಅಮೆರಿಕಕ್ಕೆ ಹಂದಿ ಹೊರಗಿನದು. ಸ್ಪೇನಿನ ಹರ್ನಾಂಡೊ ಡಿ ಸೊಟೊ 1539ರಲ್ಲಿ ಫ್ಲಾರಿಡಾಕ್ಕೆ ಬಂದಿಳಿದಾಗ ದಂಡಿನ ಊಟಕ್ಕೆಂದು ಜೊತೆಯಲ್ಲಿ ಹಂದಿಗಳನ್ನೂ ತಂದಿದ್ದ. ಮುಂದೆ ನೆಲೆಸಿದ ರೈತರು ಹಂದಿಗಳನ್ನು ಕಾಡಿಗೆ ಬಿಟ್ಟು ಮೇಯಿಸುತ್ತಿದ್ದರು. ತಪ್ಪಿಸಿಕೊಂಡವು ಅಲ್ಲೇ ಕಾಡಿನ ಪಾಲಾದವು. 1912ರಲ್ಲಿ ಉತ್ತರ ಕ್ಯಾರೊಲಿನಾದ ಹೂಪರ್ ಬಾಲ್ಡ್ ಬೆಟ್ಟದ ಮೇಲೆ, ಬೇಟೆಯ ಮೋಜಿಗೆಂದೇ ಯುರೋಪಿನ ಕಾಡುಹಂದಿಗಳನ್ನು ತರಿಸಿ ಬೇಲಿಯೊಳಗೆ ಬಿಟ್ಟರು. ಬೇಲಿ ಅವನ್ನು ಬಹಳ ಕಾಲ ತಡೆಯಲಿಲ್ಲ. ಇಂದು ಅಮೆರಿಕದ ಕಾಡಿನಲ್ಲಿ ಅಲೆಯುತ್ತಿರುವುದು ಹೆಚ್ಚಾಗಿ ಈ ಎರಡೂ ವಂಶಗಳು ಬೆರೆತ ತಳಿ: ಸಾಕುಹಂದಿಯ ಬಸಿರು, ಕಾಡುಹಂದಿಯ ಚುರುಕು. ಹೆಣ್ಣು ಒಂದು ವರ್ಷ ತುಂಬುವ ಮೊದಲೇ ಗಬ್ಬವಾಗಬಲ್ಲದು. ಗಬ್ಬದ ಅವಧಿ ನಾಲ್ಕು ತಿಂಗಳಿಗೂ ಕಡಿಮೆ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿ, ಮೇವು ಚೆನ್ನಾಗಿದ್ದರೆ ಇನ್ನೂ ಹೆಚ್ಚು. ವರ್ಷಕ್ಕೆ ಒಂದೆರಡು ಮರಿ ಹಾಕುವ ಜಿಂಕೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟೆಕ್ಸಾಸಿನ ಸಂಶೋಧಕರು ಲೆಕ್ಕ ಹಾಕಿದಂತೆ, ಹಂದಿಗಳ ಸಂಖ್ಯೆ ಇದ್ದಲ್ಲೇ ಇರಬೇಕಾದರೂ ಪ್ರತಿವರ್ಷ ಸುಮಾರು ಮೂರನೇ ಎರಡು ಪಾಲನ್ನು ತೆಗೆಯುತ್ತಿರಬೇಕು. ಅಲ್ಲಿ ಬೇಟೆ, ಬೋನು ಎಲ್ಲ ಸೇರಿ ತೆಗೆಯುತ್ತಿದ್ದದ್ದು ಸುಮಾರು ಶೇ 29. ಈ ಎರಡು ಅಂಕಿಗಳ ನಡುವಿನ ಅಂತರವನ್ನು ವಾರಾಂತ್ಯದ ಬೇಟೆ ತುಂಬುತ್ತದೆಂದು ನಂಬುವುದು ಕಷ್ಟ.

ಎಷ್ಟು ಹಂದಿ ಸತ್ತವು ಎನ್ನುವಷ್ಟೇ ಮುಖ್ಯ, ಯಾವುವು ಸತ್ತವು ಎನ್ನುವುದು. ತಾಯಿ, ಅಕ್ಕತಂಗಿಯರು, ಬೆಳೆದ ಹೆಣ್ಣುಮಕ್ಕಳು, ಅವುಗಳ ಮರಿಗಳು, ಎಲ್ಲ ಒಂದೇ ಹಿಂಡಾಗಿ ಬಾಳುತ್ತವೆ. ದೊಡ್ಡ ಗಂಡು ಒಂಟಿಯಾಗಿ ಅಲೆಯುತ್ತದೆ. ಹೆಗಲ ಮೇಲೆ ಗುರಾಣಿಯಂತೆ ದಪ್ಪಗಟ್ಟಿದ ಚರ್ಮ, ಒಂದಕ್ಕೊಂದು ಉಜ್ಜಿ ಹರಿತವಾದ ಕೋರೆಗಳು. ಬೇಟೆಗಾರನಿಗೆ ಬೇಕಾದದ್ದು ಈ ಗಂಡೇ. ಗೋಡೆಗೆ ತೂಗುಹಾಕಲು ಅದರ ತಲೆ ಚೆಂದ, ಫೋಟೊಕ್ಕೆ ಅದರ ಗಾತ್ರ ಚೆಂದ. ಆದರೆ ಒಂದು ಗಂಡು ಹೋದರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಹೆಣ್ಣುಗಳು ಎಂದಿನಂತೆ ಗಬ್ಬವಾಗುತ್ತವೆ. ಹಿಂಡಿನ ಮೇಲೆಯೇ ಗುಂಡು ಹಾರಿಸಿದರೂ ಒಂದೋ ಎರಡೋ ಬೀಳುತ್ತವೆ, ಮಿಕ್ಕವು ಚದುರಿ ಪಕ್ಕದವರ ಜಮೀನು ಸೇರುತ್ತವೆ. ಪಾಠವನ್ನೂ ಕಲಿಯುತ್ತವೆ: ಹಗಲಲ್ಲಿ ಕಾಣಿಸಿಕೊಳ್ಳುವುದನ್ನು ಬಿಟ್ಟು ರಾತ್ರಿಗೆ ಹೊರಳುತ್ತವೆ, ಹೊಸ ವಸ್ತು ಕಂಡರೆ ದೂರ ಉಳಿಯುತ್ತವೆ. ಬೇಟೆಯ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಕಾಡುಹಂದಿಗಳ ಅಧ್ಯಯನವೊಂದು ಕಣ್ಣು ತೆರೆಸುವಂತಿದೆ. ಬೇಟೆ ಬಿರುಸಾಗಿದ್ದ ಒಂದು ಕಾಡಿನಲ್ಲಿ ಎರಡು ದಶಕಗಳ ಅವಧಿಯಲ್ಲಿ ಮರಿ ಹಾಕುವ ಕಾಲವೇ ಸುಮಾರು 12 ದಿನ ಹಿಂದಕ್ಕೆ ಸರಿದಿತ್ತು. ಬೇಗ ಹುಟ್ಟಿದ ಹೆಣ್ಣುಮರಿ ಬೇಟೆಯ ಋತುವಿನೊಳಗೆ ಬೆಳೆದು ಗಬ್ಬವಾಗುವ ಸಾಧ್ಯತೆ ಹೆಚ್ಚು. ಅಂಥವುಗಳ ಸಂತಾನವೇ ಮುಂದುವರಿಯಿತು. ಬಂದೂಕು ತನಗೆ ಅರಿವಿಲ್ಲದೆಯೇ ಬೇಗ ಮರಿ ಹಾಕುವ ಹಂದಿಗಳನ್ನು ಆರಿಸಿ ಉಳಿಸಿತ್ತು.

ಇನ್ನು ಮನುಷ್ಯರ ವ್ಯಾಪಾರ. ಹಂದಿ ಹಿಂಡು ತನ್ನಷ್ಟಕ್ಕೆ ಹೆಚ್ಚು ದೂರ ಹೋಗುವುದಿಲ್ಲ. ನೀರು, ಮೇವು ಇರುವ ಕೆಲವು ಚದರ ಕಿಲೋಮೀಟರುಗಳಲ್ಲೇ ಅದರ ಸಂಸಾರ. ಹಾಗಿದ್ದೂ 1982ರಲ್ಲಿ 17 ರಾಜ್ಯಗಳಲ್ಲಿದ್ದ ಕಾಡು ಸೇರಿದ ಹಂದಿ ಒಂದು ತಲೆಮಾರಿನೊಳಗೆ ಅದರ ದುಪ್ಪಟ್ಟು ರಾಜ್ಯಗಳಿಗೆ ಹೇಗೆ ಹಬ್ಬಿತು? ಬಹುಪಾಲು ಉತ್ತರ ಟ್ರೇಲರುಗಳಲ್ಲಿದೆ. ತಮ್ಮೂರಿನಲ್ಲೂ ಬೇಟೆಗೆ ಹಂದಿ ಸಿಗಲಿ ಎಂದು ಜನ ಅವನ್ನು ಹಿಡಿದು, ಸಾಗಿಸಿ, ರಾತ್ರೋರಾತ್ರಿ ಬಿಟ್ಟುಬಂದರು. ನೂರಾರು ಕಿಲೋಮೀಟರ್ ದೂರದ ಹಂದಿಗಳ ನಡುವಿನ ರಕ್ತಸಂಬಂಧವನ್ನು ಡಿಎನ್‌ಎ ಪರೀಕ್ಷೆಗಳೂ ಎತ್ತಿ ತೋರಿವೆ. ಟೆನೆಸಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಹಂದಿಯನ್ನು ಹತೋಟಿಗೆ ತರಲೆಂದು ಆ ರಾಜ್ಯ 1999ರಲ್ಲಿ ಎಲ್ಲೆಡೆ, ಮಿತಿಯಿಲ್ಲದ ಬೇಟೆಗೆ ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಕೆಲವೇ ಕೌಂಟಿಗಳಲ್ಲಿದ್ದ ಹಂದಿ ಮುಂದಿನ ಹನ್ನೆರಡು ವರ್ಷಗಳಲ್ಲಿ 95 ಕೌಂಟಿಗಳ ಪೈಕಿ ಹತ್ತಿರಹತ್ತಿರ 80ಕ್ಕೆ ಹರಡಿತು. 2011ರಲ್ಲಿ ವನ್ಯಜೀವಿ ಇಲಾಖೆ ತನ್ನ ನೀತಿಯನ್ನೇ ತಿರುಗಿಸಿ, ಮೋಜಿನ ಬೇಟೆಯನ್ನು ನಿಲ್ಲಿಸಿ, ತಮ್ಮ ನೆಲದ ಹಂದಿಯನ್ನು ತೆಗೆಯುವ ಹಕ್ಕನ್ನು ಜಮೀನಿನ ಒಡೆಯರಿಗಷ್ಟೇ ಉಳಿಸಿತು. ಕ್ಯಾನ್ಸಸ್ ಈ ಕೆಲಸವನ್ನು 2006ರಲ್ಲೇ ಮಾಡಿತ್ತು. ನ್ಯೂಯಾರ್ಕ್ ರಾಜ್ಯ 2014ರಲ್ಲಿ ಕಾಡುಹಂದಿಯ ಬೇಟೆಯನ್ನು ನಿಷೇಧಿಸಿ, ಹಿಂಡುಗಳನ್ನು ಹಿಡಿಯುವ ಕೆಲಸವನ್ನು ಪರಿಣತರಿಗೆ ಒಪ್ಪಿಸಿತು. ಎರಡು ವರ್ಷಗಳಲ್ಲಿ ತನ್ನಲ್ಲಿ ಸಂತಾನ ಬೆಳೆಸುವ ಹಿಂಡು ಉಳಿದಿಲ್ಲವೆಂದು ಸಾರಿತು.

ಇದಕ್ಕೆ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಟೆನೆಸಿಯಲ್ಲಿ ಬೇಟೆಗೆ ಬಿಡದಿದ್ದರೂ ಹಂದಿ ಹರಡುತ್ತಿತ್ತೇನೋ. ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾದೀತೆ? ನ್ಯಾಯವಾದ ಪ್ರಶ್ನೆ. ಟೆನೆಸಿ ಒಂದೇ ಆಗಿದ್ದರೆ ನಾನೂ ಅನುಮಾನಿಸುತ್ತಿದ್ದೆ. ಆದರೆ ಒಂದು ಪ್ರದೇಶವನ್ನು ಗೊತ್ತುಮಾಡಿ, ಹಂದಿಗಳ ಸಾಂದ್ರತೆಯನ್ನು ಅಳೆಯುತ್ತಲೇ ಬೇಟೆ ನಡೆಸಿದ ಉದಾಹರಣೆಯೂ ಇದೆ. ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸೇನಾನೆಲೆಯಲ್ಲಿ 2007ರಲ್ಲಿ ಹಂದಿಯ ಒಂದು ಬಾಲಕ್ಕೆ 40 ಡಾಲರ್ ಬಹುಮಾನ ಗೊತ್ತುಮಾಡಿದರು. ಸಾವಿರಕ್ಕೂ ಹೆಚ್ಚು ಬಾಲಗಳು ಬಂದವು, ಹಣವೂ ಖರ್ಚಾಯಿತು. ಕೊನೆಗೆ ಅಳೆದು ನೋಡಿದರೆ ಹಂದಿಗಳ ಸಾಂದ್ರತೆ ಇಳಿಯುವ ಬದಲು ಏರಿತ್ತು. ಸಂಶೋಧಕರು ಬೊಟ್ಟುಮಾಡಿದ ಕಾರಣಗಳಲ್ಲಿ ಒಂದು, ಹಂದಿಯನ್ನು ಸೆಳೆಯಲೆಂದು ಬೇಟೆಗಾರರು ಸುರಿದ ಜೋಳ. ಕೊಲ್ಲಲೆಂದು ಇಟ್ಟ ಮೇವು ಉಳಿದ ಹೆಣ್ಣುಗಳ ಮೈ ತುಂಬಿಸಿತ್ತು. ಟೆಕ್ಸಾಸಿನ ಖಾಸಗಿ ಜಮೀನುಗಳಲ್ಲಿ ಜಿಂಕೆ ಬೇಟೆಗೆಂದು ನಿಲ್ಲಿಸುವ, ಹೊತ್ತಿಗೆ ಸರಿಯಾಗಿ ತಾನಾಗಿಯೇ ಜೋಳ ಚೆಲ್ಲುವ ಡಬ್ಬಿಗಳೂ ಇದೇ ಕೆಲಸ ಮಾಡುತ್ತಿವೆ. ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಬೇಟೆಗಾರರಿಂದ ದಿನಕ್ಕಿಷ್ಟೆಂದು ಹಣ ಪಡೆಯುವ ಜಮೀನುದಾರನಿಗೆ ಹಂದಿ ಮುಗಿದುಹೋಗುವುದು ನಷ್ಟದ ಬಾಬತ್ತು. ಬೇಲಿಯಾಚೆ ಶೇಂಗಾ ಬೆಳೆದವನಿಗೆ ಹಂದಿ ಉಳಿಯುವುದು ನಷ್ಟ. ಹಂದಿ ಮಾತ್ರ ಇಬ್ಬರ ಜಮೀನನ್ನೂ ತನ್ನದೆಂದೇ ತಿಳಿದಿದೆ.

ಹಾಗಾದರೆ ಬಂದೂಕು ಬೇಡವೇ ಬೇಡವೆ? ಹಾಗೆಂದರೆ ಪುರಾವೆಗೆ ಅಪಚಾರ ಮಾಡಿದಂತೆ. ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಸಾಂಟಾ ಕ್ರೂಜ್ ದ್ವೀಪದ ಬಹುಭಾಗ ದಿ ನೇಚರ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆಯ ಒಡೆತನದ್ದು, ಉಳಿದದ್ದು ರಾಷ್ಟ್ರೀಯ ಉದ್ಯಾನ. ಅಲ್ಲಿ ಹಂದಿಮರಿಗಳು ಹೇರಳವಾಗಿದ್ದುದರಿಂದ ಮೊದಲು ಅಲ್ಲಿ ನೆಲೆಸಿರದ ಹೊಂಬಣ್ಣದ ಹದ್ದುಗಳು ಬಂದು ಬೀಡುಬಿಟ್ಟವು. ಮರಿಗಳ ಜೊತೆಗೆ, ಜಗತ್ತಿನ ಬೇರೆಲ್ಲೂ ಇಲ್ಲದ ಅಲ್ಲಿನ ಬೆಕ್ಕಿನ ಗಾತ್ರದ ನರಿಗಳನ್ನೂ ಹಿಡಿದು ತಿಂದವು. ನರಿಗಳು ನೂರಕ್ಕಿಂತ ಕಡಿಮೆಗೆ ಇಳಿದವು. 2005ರಲ್ಲಿ ಎರಡೂ ಒಡೆಯರು ಕೈಜೋಡಿಸಿ, ದ್ವೀಪವನ್ನು ಬೇಲಿಗಳಿಂದ ಐದು ಭಾಗ ಮಾಡಿ, ನ್ಯೂಜಿಲೆಂಡಿನ ಪರಿಣತ ತಂಡವನ್ನು ಕರೆಸಿದರು. ಒಂದೊಂದೇ ಭಾಗವನ್ನು ಬೋನು, ಹೆಲಿಕಾಪ್ಟರ್, ನಾಯಿಗಳಿಂದ ಸಂಪೂರ್ಣ ಖಾಲಿ ಮಾಡುತ್ತ ಹೋದರು. ಕೊನೆಗೆ ಅಡಗಿ ಉಳಿದವನ್ನು ಹುಡುಕಲು, ರೇಡಿಯೊ ಪಟ್ಟಿ ಕಟ್ಟಿದ ಹಂದಿಗಳನ್ನು ಬಿಟ್ಟು ಅವು ಸೇರಿಕೊಂಡ ಜೊತೆಗಾರರನ್ನು ಪತ್ತೆಹಚ್ಚಿದರು. 5,036 ಹಂದಿಗಳನ್ನು ತೆಗೆದ ಮೇಲೆ ದ್ವೀಪ ಹಂದಿಮುಕ್ತವಾಯಿತು. ಹದ್ದುಗಳನ್ನೂ ಹಿಡಿದು ಮುಖ್ಯಭೂಮಿಗೆ ಸಾಗಿಸಿ, ನರಿಗಳನ್ನು ಸಾಕಿ ಬೆಳೆಸಿ ಬಿಟ್ಟರು. 2016ರಲ್ಲಿ ಆ ನರಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಅಲ್ಲಿ ನಡೆದದ್ದೂ ಬಂದೂಕಿನ ಕೆಲಸವೇ. ಆದರೆ ಯಾವ ಹಂದಿಯನ್ನು ಹೊಡೆಯಬೇಕೆಂದು ಆರಿಸುವ ಸ್ವಾತಂತ್ರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಒಂದೂ ಉಳಿಯಬಾರದು ಎಂಬುದೇ ಕರಾರು. ಬಯಲುಸೀಮೆಯ ಟೆಕ್ಸಾಸಿನಲ್ಲಿ ಹೆಲಿಕಾಪ್ಟರ್ ಕೆಲಸಕ್ಕೆ ಬರುವುದೂ ಹೀಗೆಯೇ, ಸುತ್ತಲಿನ ಜಮೀನುಗಳೆಲ್ಲ ಒಟ್ಟಾಗಿ ಪರಿಣತರಿಂದ ಮಾಡಿಸಿದಾಗ.

ಖಾಸಗಿ ಜಮೀನಿನಲ್ಲಿ ದಿನನಿತ್ಯದ ಹತೋಟಿಗೆ ಇದರಷ್ಟೇ ನೆಚ್ಚಿಕೊಳ್ಳಬಹುದಾದ ಸಾಧನ ದೊಡ್ಡ ಬೋನು. ಅದರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐದಡಿ ಎತ್ತರದ ಕಬ್ಬಿಣದ ಜಾಲರಿಯನ್ನು ದುಂಡಗೆ ನಿಲ್ಲಿಸಿ, ಕಂಬಗಳಿಗೆ ಬಿಗಿದು, ಒಂದು ಕಡೆ ಅಗಲವಾದ ಬಾಗಿಲು ಇಡುತ್ತಾರೆ. ಮೂಲೆಗಳಿದ್ದರೆ ಹಂದಿಗಳು ಅಲ್ಲಿ ಒಂದರ ಮೇಲೊಂದು ಏರಿ ಆಚೆ ಹಾರುತ್ತವೆ, ಅದಕ್ಕೇ ದುಂಡು. ಮೊದಲ ದಿನಗಳಲ್ಲಿ ಬಾಗಿಲು ತೆರೆದೇ ಇರುತ್ತದೆ. ಹುಳಿ ಬಂದ ಜೋಳವನ್ನು ಮೊದಲು ಹೊರಗೆ, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಒಳಗೆ ಚೆಲ್ಲುತ್ತಾರೆ. ಧೈರ್ಯದ ಮರಿಗಳು ಮೊದಲು ನುಗ್ಗುತ್ತವೆ. ಅನುಭವಸ್ಥ ಹಿರಿಯ ಹೆಣ್ಣು ಹೊರಗೇ ನಿಂತು ದಿನಗಟ್ಟಲೆ ನೋಡುತ್ತದೆ. ಕ್ಯಾಮೆರಾ ಇದೆಲ್ಲವನ್ನೂ ರಾತ್ರಿಯಿಡೀ ಮೊಬೈಲಿಗೆ ಕಳಿಸುತ್ತಿರುತ್ತದೆ. ಹಿಂಡಿನಲ್ಲಿ ಹದಿನಾಲ್ಕು ಹಂದಿಗಳಿವೆಯೆಂದು ಗೊತ್ತಿದ್ದು ಹದಿಮೂರು ಒಳಗಿದ್ದರೆ ಬಾಗಿಲು ಬೀಳಿಸಬಾರದು. ಹೊರಗುಳಿದ ಆ ಒಂದು ಹೆಣ್ಣಾದರೆ ಇನ್ನು ಬೋನಿನ ಹತ್ತಿರ ಸುಳಿಯದು, ತನ್ನ ಮರಿಗಳಿಗೂ ಆ ಹೆದರಿಕೆಯನ್ನು ದಾಟಿಸುತ್ತದೆ. ಹದಿನಾಲ್ಕನೆಯದು ಹೊಸ್ತಿಲು ದಾಟಿದ ರಾತ್ರಿ, ಮನೆಯಲ್ಲಿ ಕೂತೇ ಮೊಬೈಲ್ ಒತ್ತಿ ಬಾಗಿಲು ಬೀಳಿಸುತ್ತಾರೆ. ಇಡೀ ಸಂಸಾರ ಒಂದೇ ಸಲಕ್ಕೆ ತೆರವು. ಈ ಕೆಲಸ ನಡೆಯುತ್ತಿರುವಾಗ ಪಕ್ಕದ ಜಮೀನಿನಲ್ಲಿ ಒಬ್ಬ ಗುಂಡು ಹಾರಿಸಿದರೆ ವಾರಗಳ ಶ್ರಮ ಮಣ್ಣುಪಾಲು. ಮಿಸೌರಿ ತನ್ನ ಸಂರಕ್ಷಣಾ ಇಲಾಖೆಯ ಜಾಗಗಳಲ್ಲಿ 2016ರಲ್ಲಿ ಹಂದಿ ಬೇಟೆ ನಿಲ್ಲಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ತನ್ನ ನೆಲದಲ್ಲಿ ತಾನು ಹಂದಿ ಹೊಡೆದರೆ ಸರ್ಕಾರಕ್ಕೇನು ಎಂಬ ಮಾತಿಗೆ ಅಲ್ಲಿ ಬಹಳ ತೂಕವಿದೆ. ಬೆಳೆ ಕಾಯುತ್ತಿರುವ ರೈತ ಎದುರಿಗೆ ಬಂದ ಹಂದಿಯನ್ನು ಹೊಡೆಯುವುದನ್ನು ನಾನು ತಪ್ಪೆನ್ನಲಾರೆ. ಟೆನೆಸಿಯೂ ಆ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ತಡೆಯಬೇಕಾದದ್ದು ಹಂದಿಯನ್ನು ಬೇಟೆಯ ಸರಕಾಗಿ ಮಾರುವುದನ್ನು, ಜೀವಂತ ಸಾಗಿಸುವುದನ್ನು. ಹಂದಿ ಸಾಕುಪ್ರಾಣಿಗಳಿಗೆ ರೋಗ ದಾಟಿಸುತ್ತದೆ, ಹೊಳೆಯ ನೀರು ಕೆಡಿಸುತ್ತದೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ತಿನ್ನುತ್ತದೆ. ಒಬ್ಬನ ಲಾಭಕ್ಕೆ ಉಳಿದ ಹಿಂಡಿನ ಖರ್ಚನ್ನು ಊರೆಲ್ಲ ಹೊರಬೇಕಾದಾಗ ಅದು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ಪ್ರಾಣಿದಯೆಯ ದೃಷ್ಟಿಯಿಂದ ನೋಡಿದರೂ, ಸಂಖ್ಯೆ ಇಳಿಸದೆ ವರ್ಷವರ್ಷವೂ ಲಕ್ಷಗಟ್ಟಲೆ ಹಂದಿಗಳನ್ನು ಕೊಲ್ಲುತ್ತಲೇ ಇರುವ ವ್ಯವಸ್ಥೆಗಿಂತ, ಒಮ್ಮೆ ಸರಿಯಾಗಿ ಮಾಡಿ ಮುಗಿಸುವುದರಲ್ಲಿ ಸಾವು ಕಡಿಮೆ. 2018ರ ಅಮೆರಿಕದ ಕೃಷಿ ಕಾಯ್ದೆ ಹಂದಿ ನಿರ್ಮೂಲನೆಯ ಪ್ರಾಯೋಗಿಕ ಯೋಜನೆಗಳಿಗೆಂದು 7.5 ಕೋಟಿ ಡಾಲರ್ ಎತ್ತಿಟ್ಟಾಗ, ರೈತರಿಗೆ ನೆರವಾಗುವುದನ್ನೂ ಅದರಲ್ಲಿ ಸೇರಿಸಿದ್ದು ಸರಿಯಾದ ಹೆಜ್ಜೆ.

ನಮ್ಮಲ್ಲಿ ಬೆಳೆ ಕಳೆದುಕೊಂಡ ರೈತರ ಸಂಕಟ ಕಂಡಾಗ ಟೆಕ್ಸಾಸಿನ ಹೆಲಿಕಾಪ್ಟರ್ ಬೇಟೆಯ ವಿಡಿಯೊಗಳು ಯಾರಿಗಾದರೂ ಪರಿಹಾರದಂತೆ ತೋರಬಹುದು. ಮಲೆನಾಡಿನ ಗದ್ದೆಗೆ, ಬಯಲುಸೀಮೆಯ ಮುಸುಕಿನ ಜೋಳಕ್ಕೆ ನುಗ್ಗುವ ಹಂದಿ ಅದೇ ಜಾತಿಯದಾದರೂ ಇಲ್ಲಿಯದೇ ಪ್ರಾಣಿ. ಹುಲಿ, ಚಿರತೆ, ಕೆನ್ನಾಯಿಗಳ ಆಹಾರ. ಆದ್ದರಿಂದ ನಿರ್ಮೂಲನೆಯ ಮಾತು ನಮಗೆ ಸಲ್ಲದು. ಹಾನಿ ತಡೆಯಬೇಕೆಂಬುದು ಮಾತ್ರ ನಿಜ. ಕೇರಳ 2022ರಲ್ಲಿ ಹಂದಿ ಕೊಲ್ಲಲು ಅನುಮತಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಅಂಥ ಬೇಡಿಕೆ ಇಲ್ಲಿ ಎದ್ದಾಗ ಕೇಳಬೇಕಾದ ಪ್ರಶ್ನೆ, ಹೊಡೆದ ಹಂದಿಗಳ ಲೆಕ್ಕದ ಜೊತೆಗೆ ಬೆಳೆಹಾನಿ ಎಷ್ಟು ಇಳಿಯಿತೆಂಬ ಲೆಕ್ಕವನ್ನೂ ಇಡುವವರು ಯಾರು ಎಂಬುದು. ಅಲ್ಲಿಯವರೆಗೆ, ಹೊಲದ ಅಂಚಿಗೆ ಸಿಡಿಮದ್ದಿನ ಉಂಡೆ ಇಡುವುದನ್ನಾದರೂ ದಯವಿಟ್ಟು ನಿಲ್ಲಿಸಿ. ಅದನ್ನು ಕಚ್ಚುವುದು ಹಂದಿಯೊಂದೇ ಅಲ್ಲ, ಮೇಯಲು ಬಂದ ಹಸುವೂ ಕಚ್ಚುತ್ತದೆ. 2020ರಲ್ಲಿ ಪಾಲಕ್ಕಾಡಿನಲ್ಲಿ ಬಾಯಿ ಛಿದ್ರವಾಗಿ ಸತ್ತದ್ದು ಗಬ್ಬದ ಆನೆ.