ನಿಮಗಿದು ಗೊತ್ತೇ? ಕತ್ತಿನ ಕರಾಮತ್ತು!

ಜಿರಾಫೆಯ ಕತ್ತು ಹತ್ತಿರ ಹತ್ತಿರ ಆರಡಿ ಉದ್ದ. ಅದರಲ್ಲಿ ಎಷ್ಟು ಮೂಳೆಗಳಿವೆ, ಹೇಳಿ ನೋಡೋಣ? ಬರೀ 7! ನಿಮ್ಮ ಕತ್ತಿನಲ್ಲೂ 7. ನಿಮ್ಮ ಮನೆಯ ಅಟ್ಟದ ಮೇಲೆ ಓಡಾಡುವ ಇಲಿಗೂ ಅಷ್ಟೇ!

ತಲೆ ಬಗ್ಗಿಸಿ, ಕತ್ತಿನ ಹಿಂಭಾಗವನ್ನು ಬೆರಳಿನಿಂದ ಸವರುತ್ತಾ ಕೆಳಗಿಳಿಯಿರಿ. ಷರ್ಟಿನ ಕಾಲರ್ ಕೂರುವ ಕಡೆ ಒಂದು ಗಂಟು ಸಿಕ್ಕಿತೇ? ಸಾಮಾನ್ಯವಾಗಿ ಅದೇ ಆ ಏಳನೆಯ ಮೂಳೆ. ಗೆಡ್ಡೆಯೇನೋ ಎಂದು ಗಾಬರಿಯಾಗಬೇಡಿ!

‘ಊಹೂಂ’ ಎಂದು ತಲೆಯಾಡಿಸಿ. ಆ ತಿರುಗಾಟದ ಅರ್ಧದಷ್ಟು ಕೆಲಸ ನಡೆಯುವುದು ಮೇಲಿನ ಎರಡೇ ಮೂಳೆಗಳ ನಡುವೆ. ಮೊದಲನೆಯದು ಬಳೆ, ಎರಡನೆಯದರ ಗೂಟ ಅದರೊಳಗೆ ನಿಂತಿದೆ. ಮೂಳೆಗಳ ನಡುವೆ ಇರುವ ಮೆತ್ತೆ, ಅಂದರೆ ಡಿಸ್ಕ್, ಅಲ್ಲಿ ಇಲ್ಲವೇ ಇಲ್ಲ!

ನೆಟ್ಟಗಿರುವ ತಲೆಯ ತೂಕ ಸುಮಾರು 5 ಕೆ.ಜಿ. ಮೊಬೈಲ್ ನೋಡಲು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ ಬೀಳುವ ಹೊರೆ ಸುಮಾರು 27 ಕೆ.ಜಿ. ಒಂದು ಅಕ್ಕಿ ಮೂಟೆಯಷ್ಟು! 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸರಾಜ್ ಹಾಕಿದ ಲೆಕ್ಕವಿದು. ಕಂಪ್ಯೂಟರ್ ಲೆಕ್ಕ ಅನ್ನಿ, ಆದರೂ ಎದೆ ಝಲ್ ಅನ್ನುತ್ತದೆ!

ಹೆಬ್ಬೆರಳು ಜೋಮು ಹಿಡಿದಿದೆಯೇ? ತಪ್ಪು ಬೆರಳಿನದ್ದೇ ಆಗಿರಬೇಕಿಲ್ಲ. ಕತ್ತಿನ ಐದು ಮತ್ತು ಆರನೆಯ ಮೂಳೆಗಳ ನಡುವೆ ನರ ಒತ್ತಿಕೊಂಡಿರಬಹುದು. ಆರು ಮತ್ತು ಏಳರ ನಡುವಾದರೆ ದೂರು ಬರುವುದು ನಡುಬೆರಳಿನಿಂದ!

ಹೀಗೆ ನರ ಒತ್ತಿಕೊಂಡು ತೋಳು ಸೆಳೆಯುವ ಕೆಲವರು ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಕೂರುತ್ತಾರೆ. ತಲೆಯ ಮೇಲೆ ಕೈ ಹೊತ್ತರೆ ಅಪಶಕುನ ಎಂದು ಮನೆಯವರು ಗದರಿಸುತ್ತಾರೆ. ಆದರೆ ಹಾಗಿಟ್ಟಾಗ ನರದ ಎಳೆತ ಸಡಿಲವಾಗಿ ನೋವು ಇಳಿಯುತ್ತದೆ. ಡಾಕ್ಟರಿಗಂತೂ ಅದೊಂದು ಒಳ್ಳೆಯ ಸುಳಿವು!

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಬಂತೇ? ತಾಳಿ. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1211 ಜನರಿಗೆ ಎಂಆರ್‌ಐ ಮಾಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಕೇಳಿ: ಶೇಕಡಾ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು! ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ! ಅವರ‍್ಯಾರಿಗೂ ನೋವಿನ ಸುಳಿವಿರಲಿಲ್ಲ. ಚಿತ್ರಕ್ಕಲ್ಲ, ರೋಗಿಗೆ ಚಿಕಿತ್ಸೆ ಕೊಡಬೇಕು ಎಂದು ಡಾಕ್ಟರುಗಳು ಹೇಳುವುದು ಇದಕ್ಕೇ.

ಕತ್ತಿಗೆ ಕಟ್ಟುವ ಕಾಲರ್ ಬೆಲ್ಟನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಕತ್ತಿನ ಸ್ನಾಯುಗಳೇ ಸೋಮಾರಿಯಾಗಿ ಬಲ ಕಳೆದುಕೊಳ್ಳುತ್ತವೆ! ನರ ಒತ್ತಿಕೊಂಡ ನೋವು ಕೂಡ ಬಹಳಷ್ಟು ಜನರಿಗೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದಲ್ಲೇ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಗ್ಗುತ್ತದೆ.

ಆಪರೇಷನ್ನೇ ಬೇಕಾದರೆ? ಬೆನ್ನುಮೂಳೆ ಇರುವುದು ಹಿಂದೆ, ಎಷ್ಟೋ ಸಲ ಕೊಯ್ಯುವುದು ಮುಂದೆ, ಗಂಟಲ ಪಕ್ಕದಲ್ಲಿ! ಹಿಂದಿನಿಂದ ಹೋದರೆ ಬೆನ್ನುಹುರಿ ಅಡ್ಡ ಬರುತ್ತದಲ್ಲ! ಹಾಗಾಗಿ ಶ್ವಾಸನಾಳ, ಅನ್ನನಾಳಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆಯುತ್ತಾರೆ. 1950ರ ದಶಕದಿಂದಲೂ ನಡೆದು ಬಂದ ವಿಧಾನವಿದು. ಖಾಲಿಯಾದ ಜಾಗಕ್ಕೆ ರೋಗಿಯ ಸೊಂಟದ ಮೂಳೆಯನ್ನೇ ಚೂರು ಕೆತ್ತಿ ಇಡುತ್ತಿದ್ದರು! ಈಗ ಕೆಲವರಿಗೆ ಅಲುಗಾಡುವ ಕೃತಕ ಡಿಸ್ಕನ್ನೇ ಕೂರಿಸುತ್ತಾರೆ. ಆಪರೇಷನ್ ಮುಗಿದ ಮೇಲೆ ಕೆಲವು ದಿನ ಗಂಟಲು ಕಟ್ಟಿದರೆ ಅಚ್ಚರಿಯಿಲ್ಲ.

ಕಟಿಂಗ್ ಶಾಪಿನಲ್ಲಿ ತಲೆಗೆ ಮಸಾಜ್ ಮುಗಿಸಿ, ಗದ್ದ ಹಿಡಿದು ಕತ್ತನ್ನು ‘ಲಟಕ್’ ಎನ್ನಿಸುತ್ತಾರಲ್ಲ? ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳೊಳಗೇ ಹಾದು ಹೋಗುತ್ತವೆ! ಅಪರೂಪಕ್ಕೆ ಆ ತಿರುಚುವಿಕೆಗೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿಯಬಹುದು. ‘ಕತ್ತು ಬೇಡಪ್ಪ, ಬಿಟ್ಟುಬಿಡು’ ಅನ್ನಿ.

ಕತ್ತು ಅಷ್ಟೇನೂ ನೋಯದೆಯೂ ಕತ್ತಿನ ಕಾಯಿಲೆ ಬರಬಹುದು! ಷರ್ಟಿನ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಅಕ್ಷರ ಕೆಡುತ್ತದೆ, ನಡಿಗೆ ತೂರಾಡುತ್ತದೆ. ವಯಸ್ಸಾಯಿತು ಎಂದು ಎಣ್ಣೆ ತಿಕ್ಕಿಕೊಂಡು ಕೂರಬೇಡಿ. ಬೆನ್ನುಹುರಿಯೇ ಒತ್ತಿಕೊಂಡಿರಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಿ.